ಬುಧವಾರದ ಶೂಲೆ

ಬೂದಿಗೆರೆಯ ಮುನಿಶಾಮಪ್ಪ ಪಂಚಾಂಗ ನೋಡದೆ ಬಿತ್ತನೆಗೆ ಕೈ ಹಾಕಿದವನಲ್ಲ. ಹಾಗೆಂದು ಹೊಸದನ್ನು ಕಂಡರೆ ಮುಖ ತಿರುಗಿಸುವವನೂ ಅಲ್ಲ. ಬೆಂಗಳೂರಿನ ವಿಮಾನದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ ರಾಮಾಂಜಿನಪ್ಪನಿಗೆ ಮಗಳು ಮುತ್ತಮ್ಮನನ್ನು ಕೊಟ್ಟಾಗ ಊರಿನವರು, ಹೊಲ ಇಲ್ಲ, ಎತ್ತು ಇಲ್ಲ, ಆಕಾಶದ ಗಾಡಿಗೆ ಕೀಲೆಣ್ಣೆ ಹಾಕುವವನಿಗೆ ಹೆಣ್ಣು ಕೊಟ್ಟ ಎಂದು ನಕ್ಕಿದ್ದರು. ಅವನು ನಕ್ಕವರಿಗೆ ಉತ್ತರ ಕೊಡಲಿಲ್ಲ. ಜಾತಕ ಕೂಡಿತ್ತು, ಹುಡುಗ ಒಳ್ಳೆಯವನು, ಅಷ್ಟು ಸಾಕಾಗಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅಳಿಯನಿಗೆ ಒಂದು ವಿಮಾನ ಕಂಪನಿಯಲ್ಲಿ ಕೆಲಸವಾಗಿ, ಗಂಡ ಹೆಂಡತಿ ದಿಲ್ಲಿಗೆ ಹೋದರು. ಅಲ್ಲಿಂದ ರಾಮಾಂಜಿನಪ್ಪ ಬರೆದ ಮೊದಲ ಕಾಗದದಲ್ಲಿ ಕ್ಷೇಮ ಸಮಾಚಾರಕ್ಕಿಂತ ದೂರದ ಲೆಕ್ಕವೇ ಹೆಚ್ಚಾಗಿತ್ತು. 'ಮಾವ, ರೈಲಿನ ದಾರಿ ಸಾವಿರದೈನೂರು ಮೈಲಿಗೂ ಮಿಗಿಲು, ಮದರಾಸು ಸುತ್ತಿ ಬರಬೇಕು, ಮೂರು ರಾತ್ರಿ. ಆಕಾಶದ ದಾರಿ ಸಾವಿರದ ಎಂಬತ್ತು, ಹತ್ತು ಗಂಟೆ. ಬೆಳಗ್ಗೆ ಅತ್ತೆಯ ಕೈಯ ಮುದ್ದೆ ಉಂಡು ಹೊರಟರೆ ಸಂಜೆಗೆ ಮಗಳ ಕೈಯ ರೊಟ್ಟಿ ತಿನ್ನಬಹುದು.' ಮುನಿಶಾಮಪ್ಪ ಆ ಕಾಗದವನ್ನು ನಾಲ್ಕು ಸಲ ಓದಿಸಿ ಕೇಳಿದ. ಮಗಳು ದೂರ ಹೋದಳೆಂಬ ಬೇಗೆ ಆ ಹತ್ತು ಗಂಟೆ ಎಂಬ ಮಾತಿನಿಂದ ಸ್ವಲ್ಪ ತಣ್ಣಗಾಯಿತು. ಹತ್ತು ಗಂಟೆ ಎಂದರೆ ಎಷ್ಟು? ಕಬ್ಬಿನ ಗಾಣಕ್ಕೆ ಕಟ್ಟಿದ ಎತ್ತು ಬಿಚ್ಚುವಷ್ಟು ಹೊತ್ತು. ಅಷ್ಟರಲ್ಲಿ ಮಗಳ ಮನೆ.

ಮರುವರ್ಷ ವೈಶಾಖದ ಒಂದು ಸೋಮವಾರ ಬೆಳಗ್ಗೆ ದೇವನಹಳ್ಳಿಯ ತಂತಿ ಕಚೇರಿಯಿಂದ ಅಳಿಯನ ತಂತಿ ಬಂತು. ಮುತ್ತಮ್ಮನಿಗೆ ವಿಷಮಶೀತ ಜ್ವರ, ಹದಿನೇಳನೆಯ ದಿನ, ನಿಮ್ಮನ್ನು ಕೇಳುತ್ತಿದ್ದಾಳೆ, ಬುಧವಾರದ ವಿಮಾನದಲ್ಲಿ ಜಾಗ ಮಾಡಿದ್ದೇನೆ, ಬನ್ನಿ ಎಂದು ಒಕ್ಕಣೆ. ಶಾಲೆಯ ಮೇಷ್ಟ್ರು ಓದಿ ಹೇಳಿ, ತಾವೇ ಲೆಕ್ಕ ಹಾಕಿದರು. ಈ ಹೊತ್ತೇ ರೈಲು ಹತ್ತಿದರೂ ದಿಲ್ಲಿ ಮುಟ್ಟುವುದು ಗುರುವಾರ. ಬುಧವಾರ ವಿಮಾನ ಹತ್ತಿದರೆ ಬುಧವಾರವೇ. ಕಾದು ಹೋಗುವವನೇ ಮೊದಲು ಮುಟ್ಟುತ್ತಾನೆ.

ಎಲ್ಲರೂ ಸರಿ ಎಂದರು. ಮುನಿಶಾಮಪ್ಪನೂ ಸರಿ ಎಂದ. ಆದರೆ ದಿಲ್ಲಿ ಉತ್ತರ ದಿಕ್ಕು, ಬುಧವಾರ ಉತ್ತರಕ್ಕೆ ಶೂಲೆ. ಆ ದಿನ ಆ ದಿಕ್ಕಿಗೆ ಹೊರಟವನ ಕೆಲಸ ಕೆಡುತ್ತದೆ ಎಂಬುದು ಅವನಿಗೆ ಅವನ ತಂದೆ, ತಂದೆಗೆ ಅವರ ತಂದೆ ಹೇಳಿದ್ದು. ಬೇರೆ ಕೆಲಸವಾಗಿದ್ದರೆ ಮೀರಿಯಾನು, ಸಾಯುವ ಹಾಗೆ ಮಲಗಿರುವ ಮಗಳನ್ನು ನೋಡಲು ಹೋಗುವಾಗ ಮೀರಲು ಎದೆ ಬರಲಿಲ್ಲ. ಅದಕ್ಕೆ ಹಿರಿಯರೇ ಮಾಡಿಟ್ಟ ದಾರಿಯೊಂದಿತ್ತು. ಒಳ್ಳೆಯ ದಿನ ಒಳ್ಳೆಯ ಗಳಿಗೆಯಲ್ಲಿ ಗಂಟು ಹಿಡಿದು ಮನೆ ಬಿಟ್ಟು, ಊರಲ್ಲೇ ಇನ್ನೊಬ್ಬರ ಮನೆಯಲ್ಲಿ ತಂಗುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಅದನ್ನು ಪರಸ್ಥಾನ ಎನ್ನುತ್ತಾರೆ. ಸೋಮವಾರ ಉತ್ತರಕ್ಕೆ ಅಡ್ಡಿಯಿರಲಿಲ್ಲ.

ಮುನಿಶಾಮಪ್ಪನ ವಂಶದಲ್ಲಿ ಇದರ ಕಟ್ಟು ಇನ್ನೂ ಬಿಗಿ. ಪರಸ್ಥಾನ ಕೂತವನು ತನ್ನ ಹೊಸಿಲು ಮತ್ತೆ ತುಳಿಯಬಾರದು. ಮನೆಯವರು ಅವನನ್ನು ಕೂಗಬಾರದು, ಹೇಳಿಕಳಿಸಬಾರದು. ಯಾರಾದರೂ ಬಂದು ಕೇಳಿದರೆ ಹೋದರು ಎನ್ನಬೇಕೇ ಹೊರತು ಇಲ್ಲೇ ಇದ್ದಾರೆ ಎನ್ನಬಾರದು. ಇಲ್ಲೇ ಇದ್ದಾರೆ ಎಂದರೆ ಹೊರಟ ಕಾಲು ಹಿಂದಕ್ಕೆ ಎಳೆದಂತೆ.

"ಯಾರು ಕೇಳಿದ್ರೂ ಏನಂತೀಯೆ?" ಎಂದು ಅವನು ಹೆಂಡತಿ ಅಮ್ಮಯಮ್ಮನನ್ನು ಕೇಳಿದ.

"ದಿಲ್ಲಿಗೆ ಹೋದ್ರು ಅಂತೀನಿ."

"ದೇವರ ಮುಂದೆ ನಿಂತು ಹೇಳು."

ಅವಳು ದೇವರ ಗೂಡಿನ ಮುಂದೆ ನಿಂತು ಹೇಳಿದಳು. ಹೇಳುವಾಗ ಕಣ್ಣೊರೆಸಿಕೊಂಡಳು. "ನಾನೂ ಬರ್ತಿದ್ದೆ. ಒಂದೇ ಜಾಗ ಅಂತೆ ಆ ವಿಮಾನದಾಗೆ. ಅವಳ ಹಣೆ ಮುಟ್ಟಿ ನೋಡಿ, ನನ್ನ ಹೆಸರು ಹೇಳಿ" ಎಂದಳು. ಮಗಳಿಗೆಂದು ಹುರಿಹಿಟ್ಟು, ಶುಂಠಿ, ದೇವರ ಕುಂಕುಮ, ಒಂದು ಹಳೆಯ ಮೆತ್ತನೆಯ ಸೀರೆ ಇವನ್ನೆಲ್ಲ ಗಂಟು ಕಟ್ಟಿಕೊಟ್ಟಳು. ಹನ್ನೊಂದು ಗಂಟೆಯ ಶುಭ ಗಳಿಗೆಗೆ ಮುನಿಶಾಮಪ್ಪ ಹೊಸಿಲು ದಾಟಿ, ತಿರುಗಿ ನೋಡದೆ, ಬೀದಿಯ ಆಚೆ ಬದಿಯ ಸೊಣ್ಣಪ್ಪನ ಮನೆಗೆ ಹೋಗಿ ಕೂತ. ಮನೆಯಿಂದ ಮನೆಗೆ ಮೂವತ್ತು ಹೆಜ್ಜೆ.

ಸೊಣ್ಣಪ್ಪ ಅವನ ಜೊತೆ ಆಡಿ ಬೆಳೆದವನು. ದೇವರು ದಿಂಡರು ಎಂದರೆ ಅಷ್ಟಕ್ಕಷ್ಟೆ, ಬಾಯಿ ಮಾತ್ರ ದೊಡ್ಡದು. ಅತಿಥಿಗೆ ನಡುಮನೆಯಲ್ಲಿ ಚಾಪೆ ಹಾಸಿ, "ಏನಪ್ಪಾ ದಿಲ್ಲಿಯವನೆ, ದಾರಿ ಖರ್ಚಿಗೆ ಮುದ್ದೆ ಹಾಕಿಸ್ಲಾ?" ಎಂದ.

"ನಗಬೇಡ ಕಣೋ. ನನ್ನ ಕರುಳು ಕಿತ್ತು ಬರ್ತಾ ಇದೆ."

"ನಗಿಸದೆ ಬಿಟ್ರೆ ನೀನು ನಾಳಿದ್ದರವರೆಗೂ ಉಸಿರು ಹಿಡ್ಕೊಂಡೇ ಕೂತಿರ್ತೀಯ. ಉಣ್ಣು."

ಮುನಿಶಾಮಪ್ಪ ಉಂಡ. ಆದರೆ ಆ ದಿನವೆಲ್ಲ ಕಣ್ಣು ಎದುರು ಮನೆಯ ಕಡೆಗೇ. ಕಿಟಕಿಯ ಸಂದಿಯಿಂದ ತನ್ನ ಮನೆ ಬಾಗಿಲು ಕಾಣುತ್ತಿತ್ತು. ಅಮ್ಮಯಮ್ಮ ಹೊರಗೆ ಬಂದು ಸಗಣಿ ನೀರು ಚೆಲ್ಲಿದಳು, ಒಳಗೆ ಹೋದಳು, ಒಮ್ಮೆಯೂ ಈ ಕಡೆ ತಲೆ ಎತ್ತಲಿಲ್ಲ. ಹುಟ್ಟಿದ ಊರಲ್ಲಿ ಕೂತು ತಾನು ಊರಲ್ಲಿಲ್ಲದವನಾಗುವುದು ವಿಚಿತ್ರವಾಗಿತ್ತು.

ಮಂಗಳವಾರ ಹೊತ್ತು ಒಂದಾಳುದ್ದ ಏರಿರಬೇಕು. ಅವನ ಗಂಡುಮಕ್ಕಳಿಬ್ಬರೂ ಹೊಲಕ್ಕೆ ಹೋಗಿದ್ದರು. ಬೀದಿಯಲ್ಲಿ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂದು ಮುನಿಶಾಮಪ್ಪನ ಮನೆಯ ಮುಂದೆಯೇ ನಿಂತಿತು. ಪ್ಯಾಂಟು ಹಾಕಿದ ಒಬ್ಬಾತ ಇಳಿದ. ಇಂಜಿನ್ನು ನಿಲ್ಲಿಸಲಿಲ್ಲ. ಅದರ ಸದ್ದಿನಲ್ಲಿ ಅವನು ಕೇಳಿದ್ದು ಇಲ್ಲಿಗೆ ಕೇಳಿಸಲಿಲ್ಲ. ಅಮ್ಮಯಮ್ಮ ಗಟ್ಟಿಯಾಗಿ ಹೇಳಿದ್ದು ಮಾತ್ರ ಕೇಳಿಸಿತು.

"ಯಜಮಾನ್ರು ಇಲ್ಲ ಸ್ವಾಮಿ. ದಿಲ್ಲಿಗೆ ಹೋದ್ರು."

ಅವನು ಮತ್ತೇನೋ ಕೇಳಿದ.

"ನಿನ್ನೆನೇ ಹೊರಟ್ರು."

ಕಿಟಕಿಯ ಹಿಂದೆ ನಿಂತಿದ್ದ ಮುನಿಶಾಮಪ್ಪನಿಗೆ ಗಂಟಲಲ್ಲಿ ಕೆಮ್ಮು ಬಂತು. ಪಂಚೆಯ ಸೆರಗನ್ನು ಬಾಯಿಗೆ ಒತ್ತಿ ಅದನ್ನು ನುಂಗಿದ. ಹೆಂಡತಿಯ ದನಿ ನಡುಗದೆ ಬಂದದ್ದು ಕೇಳಿ ಅವನಿಗೆ ನಿಜಕ್ಕೂ ಹೆಮ್ಮೆಯಾಯಿತು. ಜೀಪು ತಿರುಗಿ ಹೋಯಿತು.

"ಲೆವಿ ರಾಗಿಯವರು ಇರಬೇಕು" ಎಂದ ಮುನಿಶಾಮಪ್ಪ. ಆ ಕಾಲದಲ್ಲಿ ಸರ್ಕಾರಕ್ಕೆ ಅಳೆಯಬೇಕಾದ ರಾಗಿಗೆಂದು ಅಮಲ್ದಾರರ ಕಡೆಯವರು ಹೀಗೆ ಹಠಾತ್ತನೆ ಬರುತ್ತಿದ್ದರು.

ಸೊಣ್ಣಪ್ಪ ಹೊರಗೆ ಹೋಗಿ ಬೀದಿಯಲ್ಲಿ ನಿಂತು ಅಮ್ಮಯಮ್ಮನ ಜೊತೆ ಎರಡು ಮಾತಾಡಿ ಬಂದ. ಅವನ ಮುಖದಲ್ಲಿ ನಗೆ ಇರಲಿಲ್ಲ.

"ಲೆವಿಯವನಲ್ಲ ಅನ್ಸುತ್ತೆ ಕಣಯ್ಯ. ರಾಗಿ ಮಾತೇ ಎತ್ತಲಿಲ್ವಂತೆ. ನೀನು ಹೊರಟೆ ಅಂದಿದ್ದಕ್ಕೆ, ಒಳ್ಳೇದಾಯ್ತು ಅಂದು ಹೋದನಂತೆ. ಲೆವಿಯವನು ಆಸಾಮಿ ಸಿಗದೆ ಇದ್ದದ್ದಕ್ಕೆ ಒಳ್ಳೇದಾಯ್ತು ಅಂದದ್ದು ನಾನು ಕೇಳಿಲ್ಲ."

"ಮತ್ಯಾರು?"

"ನಿನ್ನ ಅಳಿಯನ ಕಡೆಯವನೋ ಏನೋ. ಇನ್ನೂ ಕೆರೆ ಏರಿ ದಾಟಿರಲ್ಲ. ನನ್ನ ಸೈಕಲ್ ಇದೆ. ಹೋಗಿ ನಿಲ್ಲಿಸಿ ಕೇಳ್ತೀನಿ, ಏನಂತೀಯ?"

ಮುನಿಶಾಮಪ್ಪ ಬಾಯಿ ತೆರೆದ. ಹೋಗು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಮನೆಗೆ ಬಂದ ಸುದ್ದಿಯನ್ನು ಹಿಂಬಾಲಿಸುವುದೆಂದರೆ ಮನೆಗೆ ಮರಳಿದಂತೆಯೇ. ಇಷ್ಟು ಹೊತ್ತು ಕಾಪಾಡಿದ್ದನ್ನು ಒಂದು ಅನುಮಾನಕ್ಕೆ ಕೆಡಿಸಿ, ನಾಳೆ ಮಗಳಿಗೆ ಏನಾದರೂ ಆದರೆ?

"ಬೇಡ" ಎಂದ. "ಜಾಗ ಮಾಡಿದ ತಂತಿ ನನ್ನ ಗಂಟಿನಲ್ಲೇ ಇದೆ. ಇನ್ನೇನು ಹೇಳೋದಿರುತ್ತೆ? ಬೆಳಗಾದ್ರೆ ಅಲ್ಲಿಗೇ ಹೋಗ್ತೀನಲ್ಲ."

"ನಿನ್ನಿಷ್ಟ" ಎಂದು ಸೊಣ್ಣಪ್ಪ ಎದ್ದು ದನಗಳಿಗೆ ಹುಲ್ಲು ಹಾಕಲು ಹೋದ. ಸಂಜೆಯವರೆಗೂ ಅವನು ತಮಾಷೆ ಮಾಡಲಿಲ್ಲ.

ಬುಧವಾರ ಮೊದಲ ಕೋಳಿಗೆ ಹಿರಿಯ ಮಗ ಗಾಡಿ ಕಟ್ಟಿದ. ವಿಮಾನದ ಮೈದಾನ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ತಗಡಿನ ಚಾವಣಿಯ ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ತಂತಿಯನ್ನು ನೋಡಿದ, ಮುನಿಶಾಮಪ್ಪನ ಮುಖ ನೋಡಿದ, ಮತ್ತೆ ತಂತಿಯನ್ನು ನೋಡಿದ. ತಮಿಳು ಬೆರೆತ ಕನ್ನಡದಲ್ಲಿ ಕೇಳಿದ.

"ಬೂದಿಗೆರೆ ಮುನಿಶಾಮಪ್ಪ ನೀವೇನಾ? ನೀವು ಸೋಮವಾರವೇ ಹೊರಟಿರಿ ಅಂದರಲ್ಲ ನಿಮ್ಮ ಮನೆಯಲ್ಲಿ?"

ಜೀಪಿನಿಂದ ಇಳಿದ ಪ್ಯಾಂಟಿನವನೇ ಇವನೆಂದು ಮುನಿಶಾಮಪ್ಪನಿಗೆ ಗುರುತು ಸಿಕ್ಕಿತು.

"ನಾನೇ ನಿನ್ನೆ ಜೀಪಲ್ಲಿ ಬಂದಿದ್ದು. ನಿಮ್ಮ ಅಳಿಯ ಬೆಳಗ್ಗೆನೇ ವೈರ್‌ಲೆಸ್ಸಿನಲ್ಲಿ ಹೇಳಿದ್ದರು, ಆಕೆಗೆ ತುಂಬಾ ಸೀರಿಯಸ್ಸು ಅಂತ. ಹತ್ತೂವರೆಗೆ ನಮ್ಮದೊಂದು ವಿಮಾನ ರಿಪೇರಿಗೆ ದಿಲ್ಲಿಗೆ ಹೋಗೋದಿತ್ತು, ಖಾಲಿ. ಮಾವನವರನ್ನ ಅದರಲ್ಲಿ ಕೂರಿಸಿ ಕಳಿಸಿ ಅಂದರು. ನೀವು ರೈಲಲ್ಲಿ ಹೊರಟಿರಬೇಕು ಅಂದುಕೊಂಡು, ಗುರುವಾರ ಬರ್ತಾರೆ ಅಂತ ನಾನು ಅವರಿಗೆ ತಿಳಿಸಿಬಿಟ್ಟೆ." ಅವನು ತಂತಿಯನ್ನು ಮಡಿಸಿ ಕೊಡುತ್ತ, "ಯಾಕೆ ಹಾಗಂದರು ನಿಮ್ಮ ಮನೆಯವರು?" ಎಂದ.

"ನಾನು ಹೇಳಿಕೊಟ್ಟಿದ್ದೆ" ಎಂದ ಮುನಿಶಾಮಪ್ಪ.

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯ, ಕೆದಕಲಿಲ್ಲ. ಈಗಲೇ ಹೊಸದಾಗಿ ಸುದ್ದಿ ಕಳಿಸುತ್ತೇನೆ, ನಿಮ್ಮ ಜಾಗ ಹಾಗೇ ಇದೆ, ಹತ್ತಿ ಎಂದ.

ಎಂಟು ಗಂಟೆಗೆ ವಿಮಾನ ನೆಲ ಬಿಟ್ಟಿತು. ಕಿವಿಗೆ ಹತ್ತಿ ಕೊಟ್ಟರು, ಬಾಯಿಗೆ ಪೆಪ್ಪರಮೆಂಟು ಕೊಟ್ಟರು. ಪೆಪ್ಪರಮೆಂಟನ್ನು ಅವನು ಅಂಗೈಯಲ್ಲೇ ಹಿಡಿದುಕೊಂಡ, ಅದು ಕರಗಿ ಅಂಟಾಯಿತು. ಕೆಳಗೆ ತನ್ನ ಸೀಮೆಯ ಕೆರೆಗಳು ಒಡೆದ ಕನ್ನಡಿಯ ಚೂರುಗಳಂತೆ ಹರಡಿದ್ದವು. ಅವುಗಳಲ್ಲಿ ಬೂದಿಗೆರೆಯ ಕೆರೆ ಯಾವುದೆಂದು ಹುಡುಕುವಷ್ಟರಲ್ಲಿ ಎಲ್ಲ ಹಿಂದಕ್ಕೆ ಹೋಯಿತು. ಕೋಳಿ ಕೂಗಿದಾಗ ಗಾಡಿಯಲ್ಲಿ ಹೊರಟು ಹೊತ್ತೇರಿದ ಮೇಲೆ ಮುಗಿಸಿದ ದಾರಿ ಇಲ್ಲಿ ಒಂದು ಎಲೆ ಅಡಕೆ ಅಗಿಯುವುದರೊಳಗೆ ಮುಗಿದಿತ್ತು.

ಪಕ್ಕದಲ್ಲಿ ಕೂತಿದ್ದ ಮುದುಕ ವರ್ತಕರೊಬ್ಬರು ಗಡಿಯಾರ ನೋಡುತ್ತ, ಗಂಟೆಗೆ ನೂರೈವತ್ತು ಮೈಲಿ ಎಂದು ಹೇಳಿ ಸಂತೋಷಪಟ್ಟರು. ಮುನಿಶಾಮಪ್ಪ ತಲೆಯಾಡಿಸಿದ. ಒಳಗೆ ಅವನಿಗೆ ಬೇರೆ ಲೆಕ್ಕ ನಡೆದಿತ್ತು. ನಿನ್ನೆ ಹತ್ತೂವರೆಗೆ ಹೊರಟಿದ್ದರೆ ರಾತ್ರಿ ಊಟದ ಹೊತ್ತಿಗೆ ಅಲ್ಲಿ. ಈಗ ಇಡೀ ಒಂದು ರಾತ್ರಿ, ಇಡೀ ಒಂದು ಹಗಲು ತಡ. ಆ ತಡ ಈ ಯಂತ್ರದ್ದಲ್ಲ, ದೂರದ್ದೂ ಅಲ್ಲ. ಸೊಣ್ಣಪ್ಪನ ಕಿಟಕಿಯಿಂದ ತನ್ನ ಬಾಗಿಲಿಗೆ ಇದ್ದ ಮೂವತ್ತು ಹೆಜ್ಜೆಯದು.

ಹೈದರಾಬಾದಿನಲ್ಲಿ ಇಳಿಸಿ ಹತ್ತಿಸಿದರು. ದಾರಿಯಲ್ಲಿ ಯಾರೋ ಗೋದಾವರಿ ಎಂದರು. ಅವನು ಕೈ ಮುಗಿಯಲು ಹೋದ. ಮೀಯದೆ, ಒಂದು ಹನಿ ತಲೆಗೆ ಹಾಕಿಕೊಳ್ಳದೆ, ನದಿಯ ತಲೆಯ ಮೇಲೆ ಹಾರಿ ಹೋಗುವವನ ನಮಸ್ಕಾರ ಯಾವ ಲೆಕ್ಕಕ್ಕೆ ಎನ್ನಿಸಿ ಕೈ ಅರ್ಧಕ್ಕೇ ನಿಂತಿತು. ಆದರೂ ಮುಗಿದ. ನಾಗಪುರ ಬಂತು. ಬಿಸಿಲು ಬೆಂಕಿಯಾಗಿತ್ತು. ಸ್ವಾಮಿ, ನನ್ನ ಮಾತಿನ ತಪ್ಪನ್ನು ಅವಳ ಮೇಲೆ ಹಾಕಬೇಡ, ಇನ್ನು ಐದು ಗಂಟೆ ಅವಳ ಉಸಿರು ಕಾಯಿ ಎಂದು ಬೇಡಿಕೊಂಡ. ನರ್ಮದೆ ದಾಟುವಾಗ ಮೂರು ಗಂಟೆ ಎಂದು ಬೇಡಿದ. ದೇವರ ಜೊತೆ ಹೀಗೆ ಗಂಟೆ ಹೇಳಿ ಬೇಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಆರು ಗಂಟೆಗೆ ದಿಲ್ಲಿಯಲ್ಲಿ ಇಳಿದ. ಎಲ್ಲರನ್ನೂ ಕರೆದೊಯ್ಯಲು ಯಾರಾದರೂ ಬಂದಿದ್ದರು, ಅವನಿಗೆ ಯಾರೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಎಣ್ಣೆ ಮಸಿಯ ಬಟ್ಟೆಯ ಒಬ್ಬ ಓಡಿಬಂದ. ಅಳಿಯನ ಜೊತೆ ಕೆಲಸ ಮಾಡುವ ಗಂಗಣ್ಣ, ಹೊಸಕೋಟೆ ಕಡೆಯವನು.

"ನೀವು ಈ ವಿಮಾನದಲ್ಲಿ ಬರ್ತೀರ ಅಂತ ಬೆಳಗ್ಗೆ ಬಂದ ಚೀಟಿ ರಾಮಾಂಜಿನಪ್ಪನ ಮೇಜಿನ ಮೇಲೇ ಬಿದ್ದಿತ್ತು. ಅವನು ನಿನ್ನೆ ನಿಮ್ಮ ಸುದ್ದಿ ತಿಳ್ಕೊಂಡು ಆಸ್ಪತ್ರೆಗೆ ಹೋದವನು ಮತ್ತೆ ಕೆಲಸಕ್ಕೆ ಬಂದಿಲ್ಲ. ನಾನು ಈಗ ನೋಡಿದೆ" ಎಂದ.

"ಆಸ್ಪತ್ರೆಗೆ ಹೋಗೋಣ ನಡಿಯಪ್ಪ."

ಗಂಗಣ್ಣ ಅವನ ಗಂಟನ್ನು ಎತ್ತಿಕೊಂಡ. "ಆಸ್ಪತ್ರೆಗಲ್ಲ ದೊಡ್ಡಪ್ಪ" ಎಂದ.

ಟಾಂಗಾ ಯಮುನೆಯ ದಂಡೆಯಲ್ಲಿ ನಿಂತಿತು. ಬೂದಿಗೆರೆಯ ಅವರ ಕುಲದಲ್ಲಿ ಸತ್ತವರನ್ನು ಹೂಳುತ್ತಾರೆ, ನೆಂಟರಿಷ್ಟರು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅಲ್ಲಿ ಅವರಿಗೆ ಹೂಳಲು ಸ್ವಂತದ ಒಂದು ಆಳಿನ ನೆಲವಿರಲಿಲ್ಲ. ಸುಟ್ಟಿದ್ದರು. ಕಟ್ಟಿಗೆ ಕುಸಿದು ಕೆಂಡವಾಗಿತ್ತು. ರಾಮಾಂಜಿನಪ್ಪ ಮರಳಿನ ಮೇಲೆ ಕೂತಿದ್ದ. ಮಾವನನ್ನು ಕಂಡು ಎದ್ದು ನಿಂತ. ಅವನ ಮುಖದಲ್ಲಿ ದುಃಖಕ್ಕಿಂತ ಮೊದಲು ಗಾಬರಿ ಬಂತು.

"ಮಾವ, ನೀವು ನಾಳೆ ಅಲ್ವಾ ಬರೋದು?"

ಮುನಿಶಾಮಪ್ಪ ಕೆಂಡದ ಕಡೆ ನೋಡುತ್ತಿದ್ದ.

"ನಾಳೆ ಅಂದ್ರು. ಈ ಬಿಸಿಲಲ್ಲಿ ನಾಳೆವರೆಗೂ ಇಡೋಕಾಗಲ್ಲ ಅಂದ್ರು ಎಲ್ಲಾರೂ. ನಾಲ್ಕು ಗಂಟೆಗೆ..." ಅವನು ಚಿತೆಯ ಕಡೆ ಕೈ ಮಾಡಿದ. "ಸಂಜೆಗೆ ಬರ್ತೀರ ಅಂತ ಗೊತ್ತಿದ್ದಿದ್ರೆ ಕಾಯ್ತಿದ್ದೆ ಮಾವ. ಎರಡು ಗಂಟೆ ಕಾಯ್ತಿರ್ಲಿಲ್ವಾ ನಾನು?" ಎಂದ.

"ಯಾವಾಗ ಹೋದ್ಲು?"

"ಇವತ್ತು ಬೆಳಗ್ಗೆ ಹನ್ನೊಂದೂವರೆಗೆ. ನಿನ್ನೆ ಸಂಜೆ ಚೆನ್ನಾಗಿ ಮಾತಾಡಿದ್ಲು. ಅಪ್ಪ ಹೊರಟ್ರಾ ಅಂದ್ಲು. ರೈಲಲ್ಲಿ ಹೊರಟಿದ್ದಾರೆ, ಗುರುವಾರ ಬರ್ತಾರೆ ಅಂದೆ. ಬೆರಳು ಮಡಿಸಿ ಎಣಿಸಿದ್ಲು. ಗುರುವಾರ ತುಂಬ ದೂರ ಆಯ್ತು ಅಂದ್ಲು. ಆಮೇಲೆ ಕೇಳಲಿಲ್ಲ."

ಮುನಿಶಾಮಪ್ಪ ಮರಳಿನ ಮೇಲೆ ಕೂತ. ಹನ್ನೊಂದೂವರೆಗೆ ತಾನು ಎಲ್ಲಿದ್ದೆ ಎಂದು ಲೆಕ್ಕ ಹಾಕಲು ಮನಸ್ಸು ಹೋಯಿತು. ಅದನ್ನು ಎಳೆದು ನಿಲ್ಲಿಸಿದ. ಅಮ್ಮಯಮ್ಮ ಕಟ್ಟಿಕೊಟ್ಟ ಗಂಟಿನಿಂದ ಕುಂಕುಮ ತೆಗೆದು ಕೆಂಡಕ್ಕೆ ಹಾಕಿದ. ಅದಕ್ಕಿಂತ ಹೆಚ್ಚು ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ.

"ಯಾರು ಮಾವ ನೀವು ಹೊರಟ್ರಿ ಅಂತ ಹೇಳಿದ್ದು?" ಎಂದು ಅಳಿಯ ಮರುದಿನ ಕೇಳಿದ.

"ನಾನೇ ಕಣಪ್ಪ" ಎಂದ ಮುನಿಶಾಮಪ್ಪ. ಹೆಂಡತಿಯ ಹೆಸರು ತೆಗೆಯಲಿಲ್ಲ.

ಅಳಿಯ ಶನಿವಾರದ ವಿಮಾನದಲ್ಲಿ ಕಳಿಸುತ್ತೇನೆ ಎಂದ. ಮುನಿಶಾಮಪ್ಪ ಬೇಡವೆಂದು ರೈಲು ಹತ್ತಿದ. ಮೂರು ರಾತ್ರಿ ಅವನಿಗೆ ಬೇಕಾಗಿತ್ತು. ಜೀಪು ಯಾಕೆ ಬಂದಿತ್ತು ಎಂಬುದನ್ನು ಹೆಂಡತಿಗೆ ಹೇಳಬಾರದು, ಸಾಯುವವರೆಗೂ ಹೇಳಬಾರದು ಎಂದು ಅಷ್ಟು ಹೊತ್ತೂ ಮನಸ್ಸಿಗೆ ಹೇಳಿಕೊಂಡ. ಮಾತು ಆಡಿದವಳು ಅವಳು. ಗೊತ್ತಾದರೆ ಅವಳು ಉಳಿಯುವುದಿಲ್ಲ.

ಮನೆ ಸೇರಿದಾಗ ಮಧ್ಯಾಹ್ನ. ಸಾವಿನ ತಂತಿ ಮೊದಲೇ ಬಂದಿತ್ತು. ಅತ್ತು ಅತ್ತು ಮನೆ ಬತ್ತಿತ್ತು. ಅಮ್ಮಯಮ್ಮ ಕಾಲಿಗೆ ನೀರು ಕೊಟ್ಟು, ಅವನು ಜಗಲಿಯ ಮೇಲೆ ಕೂತ ಮೇಲೆ ಕಂಬಕ್ಕೆ ಒರಗಿ ಕೆಳಗೆ ಕೂತಳು.

"ಮುಖ ನೋಡಿದ್ರಾ?"

"ಇಲ್ಲ."

"ಹಣೆ?"

"ಇಲ್ಲ ಕಣೆ. ಮುಗಿದೋಗಿತ್ತು."

ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮಾತಾಡುವಷ್ಟು ಮೆಲ್ಲಗೆ ಹೇಳಿದಳು.

"ಆವತ್ತು ಬಂದವನು ಅವಳ ವಿಷಯಕ್ಕೇ ಬಂದಿದ್ದ. ನಂಗೆ ಆವಾಗಲೇ ಗೊತ್ತಾಯ್ತು. ಮಗಳು ಹೇಗಿದ್ದಾಳೆ ಸ್ವಾಮಿ ಅಂತ ಮೆಲ್ಲಗೆ ಕೇಳಿದೆ. ಅವನು ತಲೆ ಬಗ್ಗಿಸ್ಕೊಂಡ. ನಿಮ್ಮನ್ನ ಕೂಗೋಣ ಅಂತ ಬಾಯಿಗೆ ಬಂತು. ಸೊಣ್ಣಪ್ಪಣ್ಣ ಬಂದು ಕೇಳಿದಾಗಲೂ ಅಷ್ಟನ್ನ ಹೇಳಲಿಲ್ಲ. ದೇವರ ಮುಂದೆ ನಿಲ್ಲಿಸಿ ಹೇಳ್ಸಿದ್ರಲ್ಲ ನೀವು."

ಮುನಿಶಾಮಪ್ಪ ಮೂರು ರಾತ್ರಿ ಕಟ್ಟಿಕೊಂಡು ಬಂದ ಸುಳ್ಳು ಬಾಯಲ್ಲೇ ಉಳಿಯಿತು.

"ಲೆವಿಯವನು ಅಂದ್ಕೊಂಡೆ" ಎಂದ. ಅದೂ ಪೂರ್ತಿ ನಿಜವಲ್ಲ ಎಂದು ಅವನಿಗೆ ಗೊತ್ತಿತ್ತು. "ಇಲ್ಲ. ಸೊಣ್ಣಪ್ಪ ಹೋಗಿ ಕೇಳ್ತೀನಿ ಅಂದ. ನಾನೇ ಬೇಡ ಅಂದೆ."

"ನಿಮಗೂ ಗೊತ್ತಿತ್ತಾ?"

"ಅರ್ಧ ಗೊತ್ತಿತ್ತು."

"ನಂಗೂ ಅರ್ಧ ಗೊತ್ತಿತ್ತು" ಎಂದಳು ಅಮ್ಮಯಮ್ಮ.

ಬೀದಿಯಲ್ಲಿ ಯಾರದೋ ಗಾಡಿ ಹೋಯಿತು.

"ತಪ್ಪು ನಿನ್ನದಲ್ಲ. ನನ್ನ ಮಾತನ್ನ ನೀನು ಆಡಿದ್ದು" ಎಂದ ಅವನು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಅವಳು ಕೊನೆಗೆ ಏನಂದ್ಲಂತೆ?" ಎಂದು ಕೇಳಿದಳು.

ಮುನಿಶಾಮಪ್ಪ ಹೇಳಿದ. ಗುರುವಾರ ದೂರ ಎಂದದ್ದನ್ನೂ, ಬೆರಳು ಎಣಿಸಿದ್ದನ್ನೂ, ಏನೂ ಬಿಡದೆ ಹೇಳಿದ. ಅಮ್ಮಯಮ್ಮ ಕೇಳುತ್ತ ಕೇಳುತ್ತ ಜಗಲಿಗೆ ಹತ್ತಿರ ಸರಿದು ಬಂದಳು. ಅವನು ಹೇಳಿ ಮುಗಿಸಿದ ಮೇಲೆ, ಇನ್ನೊಂದು ಸಲ ಹೇಳಿ ಎಂದಳು. ಅವನು ಮೊದಲಿಂದ ಹೇಳಿದ.